ಅಧ್ಯಕ್ಷರ ಕಾಯಿಲೆಗೆ ಹೆಸರೇ ಇರಲಿಲ್ಲ

ವುಡ್ರೋ ವಿಲ್ಸನ್ ಹೆಸರು ಹೈಸ್ಕೂಲಿನ ಇತಿಹಾಸದಲ್ಲಿ ನಮಗೆಲ್ಲ ಸಿಕ್ಕಿರುತ್ತೆ. ಮೊದಲನೇ ಮಹಾಯುದ್ಧ, 14 ಅಂಶಗಳು, ರಾಷ್ಟ್ರಸಂಘ. ಎರಡು ಮಾರ್ಕಿನ ಪ್ರಶ್ನೆಗೆ ಅಷ್ಟು ಸಾಕಿತ್ತು. ಆದರೆ ಅಮೆರಿಕದ ಅಧ್ಯಕ್ಷರಾಗಿದ್ದಾಗಲೇ ಅವರಿಗೆ ಸ್ಟ್ರೋಕ್ ಆಗಿ ಎಡಭಾಗ ಬಿದ್ದುಹೋಗಿತ್ತು, ಆ ವಿಷಯವನ್ನ ತಿಂಗಳುಗಟ್ಟಲೆ ಮುಚ್ಚಿಟ್ಟಿದ್ದರು ಅನ್ನೋದು ನಮಗೆ ಗೊತ್ತಾಗಿದ್ದು ತುಂಬಾ ತಡವಾಗಿ.

ವಿಲ್ಸನ್ ಹುಟ್ಟಿದ್ದು 1856ರ ಡಿಸೆಂಬರ್ 28ರಂದು, ವರ್ಜೀನಿಯಾದ ಸ್ಟಾಂಟನ್ ಊರಲ್ಲಿ. ತಂದೆ ಪಾದ್ರಿ. ಹತ್ತು ವರ್ಷ ಆಗೋವರೆಗೂ ಈ ಹುಡುಗನಿಗೆ ಸರಿಯಾಗಿ ಓದೋಕೆ ಬರ್ತಿರಲಿಲ್ಲ. ಮುಂದೆ ಅದೇ ಹುಡುಗ ಪಿಎಚ್‌ಡಿ ಮುಗಿಸಿ, ಪ್ರೊಫೆಸರ್ ಆಗಿ, 1902ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಮುಖ್ಯಸ್ಥರಾದರು. 1911ರಲ್ಲಿ ನ್ಯೂಜೆರ್ಸಿಯ ಗವರ್ನರ್, 1913ರಲ್ಲಿ ಅಮೆರಿಕದ ಅಧ್ಯಕ್ಷ.

ಈ ಏರುದಾರಿಯಲ್ಲೇ ದೇಹ ಆಗಾಗ ಎಚ್ಚರಿಕೆ ಕೊಡ್ತಾ ಇತ್ತು. 1896ರಲ್ಲಿ ಬಲಗೈ ಸೋತು ಬರೆಯೋಕೆ ಆಗದೇ ಹೋಯ್ತು. ಅವರು ಎಡಗೈಯಲ್ಲಿ ಬರೆಯೋದನ್ನ ಕಲಿತರು. 1906ರಲ್ಲಿ ಒಂದು ಬೆಳಿಗ್ಗೆ ಎದ್ದಾಗ ಎಡಗಣ್ಣು ಕಾಣಿಸಲಿಲ್ಲ. ಇವು ಆಗಲೇ ಆದ ಸಣ್ಣ ಸ್ಟ್ರೋಕ್‌ಗಳು ಅಂತ ನಂತರ ಕೆಲವರು ವಾದಿಸಿದರು, ಇನ್ನು ಕೆಲವರು ಒಪ್ಪಲಿಲ್ಲ. ಸರಿಯಾದ ದಾಖಲೆ ಇಲ್ಲದಿದ್ದರೆ ಹೀಗೇ, ವಾದ ಮುಗಿಯೋದಿಲ್ಲ.

ಯುದ್ಧ ಮುಗಿದ ಮೇಲೆ ವಿಲ್ಸನ್ ವರ್ಸೇಲ್ಸ್ ಒಪ್ಪಂದ ಹಿಡಿದು ಪ್ಯಾರಿಸ್‌ನಿಂದ ವಾಪಸ್ ಬಂದರು. ಅದಕ್ಕೆ ಸೆನೆಟ್‌ನ ಮೂರನೇ ಎರಡರಷ್ಟು ಮತ ಬೇಕಿತ್ತು. ಜನರನ್ನ ಒಪ್ಪಿಸೋಣ ಅಂತ 1919ರ ಸೆಪ್ಟೆಂಬರ್‌ನಲ್ಲಿ ರೈಲು ಹತ್ತಿ, ಮೂರು ವಾರ ಊರೂರು ಸುತ್ತಿ ಭಾಷಣ ಮಾಡಿದರು. ತಲೆನೋವು ಬಿಡಲಿಲ್ಲ. ಸೆಪ್ಟೆಂಬರ್ 25ರಂದು ಕೊಲರಾಡೋದ ಪ್ಯೂಬ್ಲೋದಲ್ಲಿ ಮಾತಾಡಿದ ರಾತ್ರಿಯೇ ಪೂರ್ತಿ ಕುಸಿದರು. ಪ್ರವಾಸ ರದ್ದಾಯ್ತು. ಅಕ್ಟೋಬರ್ 2ರ ಬೆಳಿಗ್ಗೆ, ಶ್ವೇತಭವನದಲ್ಲಿ, ಪತ್ನಿ ಈಡಿತ್ ನೋಡುವಾಗ ಅವರ ಎಡಗೈ ಸ್ವಾಧೀನ ತಪ್ಪಿತ್ತು.

ಆಮೇಲೆ ನಡೆದದ್ದೇ ವಿಚಿತ್ರ. ಫಿಲಡೆಲ್ಫಿಯಾದಿಂದ ನರರೋಗ ತಜ್ಞ ಫ್ರಾನ್ಸಿಸ್ ಡರ್ಕಮ್ ಬಂದು ಪರೀಕ್ಷೆ ಮಾಡಿದರು. ಬಲ ಮಿದುಳಿನ ಒಂದು ದೊಡ್ಡ ರಕ್ತನಾಳದಲ್ಲಿ ಹೆಪ್ಪುಗಟ್ಟಿ ಎಡಭಾಗಕ್ಕೆ ತೀವ್ರ ಲಕ್ವ ಹೊಡೆದಿರಬೇಕು ಅಂತ ಬರೆದೂ ಕೊಟ್ಟರು. ಆದರೆ ಆ ಕಾಗದ ಹೊರಗೆ ಬರಲಿಲ್ಲ. ಅಧ್ಯಕ್ಷರ ಖಾಸಗಿ ವೈದ್ಯ ಕ್ಯಾರಿ ಗ್ರೇಸನ್ ಪತ್ರಿಕೆಗಳಿಗೆ ಕೊಟ್ಟ ಪ್ರಕಟಣೆಗಳಲ್ಲಿ ಇದ್ದದ್ದು ನರಗಳ ಆಯಾಸ, ವಿಶ್ರಾಂತಿ ಬೇಕು, ಇಷ್ಟೇ. ಅಧ್ಯಕ್ಷರಿಗೆ ಕೆಲಸ ಮಾಡೋಕೆ ಆಗಲ್ಲ ಅಂತ ಸಹಿ ಹಾಕೋಕೂ ಅವರು ಒಪ್ಪಲಿಲ್ಲ. ಯಾವ ಫೈಲ್ ಒಳಗೆ ಹೋಗಬೇಕು, ಯಾವುದು ಬೇಡ ಅನ್ನೋದನ್ನ ಈಡಿತ್ ನಿರ್ಧರಿಸಿದರು. ಡಿಸೆಂಬರ್‌ನಲ್ಲಿ ಇಬ್ಬರು ಸೆನೆಟರ್‌ಗಳು ನೋಡೋಕೆ ಬಂದಾಗ ವಿಲ್ಸನ್ ಎಡಗೈ ಹೊದಿಕೆ ಒಳಗಿತ್ತು. ಅವರು ಬಲಗೈಯಲ್ಲೇ ಕೈ ಕುಲುಕಿ ಚೆನ್ನಾಗಿ ಮಾತಾಡಿ ಕಳಿಸಿದರು. ಸ್ಟ್ರೋಕ್ ಅನ್ನೋ ಪದ ಪತ್ರಿಕೆಗೆ ಬಂದಿದ್ದು 1920ರ ಫೆಬ್ರವರಿಯಲ್ಲಿ, ಅದೂ ಇನ್ನೊಬ್ಬ ಡಾಕ್ಟರ್ ಬಾಯಿಂದ.

ಈಗಿನ ಅಮೆರಿಕದ ಆಸ್ಪತ್ರೆಯಲ್ಲಿ ಇದು ಹೇಗೆ ದಾಖಲಾಗುತ್ತೆ ಅಂತ ನೋಡಿದೆವು. ಸ್ಟ್ರೋಕ್ ತೀವ್ರತೆ ಅಳೆಯೋಕೆ ಎನ್‌ಐಎಚ್ ಸ್ಕೇಲ್ ಇದೆ, 0ಯಿಂದ 42ರವರೆಗೆ. ಕೈ ಸ್ವಲ್ಪವೂ ಅಲ್ಲಾಡದಿದ್ದರೆ 4, ಕಾಲಿಗೆ 4, ಮುಖಕ್ಕೆ 3ರವರೆಗೆ. ಮೆಡಿಕಲ್ ಕೋಡರ್‌ಗಳು ಇದನ್ನ ಕೋಡ್‌ಗೆ ಇಳಿಸ್ತಾರೆ: ರಕ್ತ ಕಟ್ಟಿ ಆದ ಸ್ಟ್ರೋಕ್‌ಗೆ ಐ63, ಅದರ ಜೊತೆಗೆ ಆರ್29.7, ಕೊನೇ ಎರಡು ಅಂಕಿ ಸ್ಕೋರ್. ಸ್ಕೋರ್ 15 ಆದರೆ ಆರ್29.715. ಸ್ಕೋರನ್ನ ನರ್ಸ್ ಬರೆದಿದ್ದರೂ ನಡೆಯುತ್ತೆ, ಆದರೆ ಸ್ಟ್ರೋಕ್ ಅಂತ ಡಾಕ್ಟರೇ ಬರೆದಿರಬೇಕು. ಬರೆಯದೇ ಇರೋದನ್ನ ಕೋಡರ್ ಊಹಿಸೋ ಹಾಗಿಲ್ಲ. ನರಗಳ ಆಯಾಸ ಅಂತ ಬರೆದ ಫೈಲಿಗೆ ಐ63 ಬೀಳೋದೇ ಇಲ್ಲ.

ಹಾಗಂತ ನಂಬರ್ ಇದ್ದರೆ ಎಲ್ಲ ಸರಿಹೋಗ್ತಿತ್ತು ಅಂತಲೂ ಅಲ್ಲ. ಈ ಸ್ಕೇಲಿನಲ್ಲಿ ಭಾಷೆಗೆ ಸಂಬಂಧಿಸಿದ ಅಂಕ ಸುಮಾರು 7, ಒಂದು ಬದಿಯನ್ನೇ ಗಮನಿಸದೇ ಹೋಗೋ ತೊಂದರೆಗೆ ಬರೀ 2. ಸಾಮಾನ್ಯವಾಗಿ ಭಾಷೆ ಎಡ ಮಿದುಳಿನ ಕೆಲಸ ಆದ್ದರಿಂದ, ಬಲ ಮಿದುಳಿನ ಸ್ಟ್ರೋಕ್ ಅಷ್ಟೇ ದೊಡ್ಡದಿದ್ದರೂ ಸ್ಕೋರ್ ಕಡಿಮೆ ಬರಬಹುದು. ವಿಲ್ಸನ್ ಅವರದ್ದು ಬಲ ಮಿದುಳು. ಮಾತು ಉಳಿದಿತ್ತು, ಅದಕ್ಕೇ ಬಂದವರು ಸಮಾಧಾನವಾಗಿ ವಾಪಸ್ ಹೋದರು. ಸ್ವಭಾವ ಮಾತ್ರ ಇನ್ನೂ ಹಟಮಾರಿಯಾಗಿತ್ತು ಅಂತ ಎಷ್ಟೋ ಇತಿಹಾಸಕಾರರ ಅಭಿಪ್ರಾಯ. ಸೆನೆಟ್ ಕೇಳಿದ ತಿದ್ದುಪಡಿಗಳಿಗೆ ಅವರು ಬಗ್ಗಲಿಲ್ಲ. ಒಪ್ಪಂದ 1919ರ ನವೆಂಬರ್‌ನಲ್ಲಿ ಒಮ್ಮೆ, 1920ರ ಮಾರ್ಚ್‌ನಲ್ಲಿ ಇನ್ನೊಮ್ಮೆ ಬಿದ್ದುಹೋಯ್ತು. ಎರಡನೇ ಸಲ 49 ಪರ, 35 ವಿರೋಧ. 7 ಮತ ಸಾಲಲಿಲ್ಲ. ರಾಷ್ಟ್ರಸಂಘಕ್ಕಾಗಿ ಓಡಾಡಿದವರ ದೇಶವೇ ಅದಕ್ಕೆ ಸೇರಲಿಲ್ಲ.

1921ರ ಮಾರ್ಚ್‌ನಲ್ಲಿ ವಿಲ್ಸನ್ ಅಧಿಕಾರ ಬಿಟ್ಟರು, 1924ರ ಫೆಬ್ರವರಿ 3ರಂದು ತೀರಿಕೊಂಡರು. ಅಧ್ಯಕ್ಷರು ಅಶಕ್ತರಾದರೆ ಏನು ಮಾಡಬೇಕು ಅನ್ನೋ ಸಂವಿಧಾನ ತಿದ್ದುಪಡಿ ಜಾರಿಗೆ ಬಂದಿದ್ದು 1967ರಲ್ಲಿ. ಡರ್ಕಮ್ ಬರೆದ ಕಾಗದ ಗ್ರೇಸನ್ ಅವರ ಮನೆತನದ ಪೆಟ್ಟಿಗೆಯಿಂದ ಹೊರಬಂದಿದ್ದು ಸುಮಾರು 70 ವರ್ಷ ಆದ ಮೇಲೆ.

ಹೆಲ್ತ್ ಪ್ರಾಜೆಕ್ಟ್‌ಗೆ ಡೇಟಾಸೆಟ್ ಇಳಿಸಿಕೊಂಡಾಗ ತೀವ್ರತೆ ಕಾಲಮ್ಮಿನಲ್ಲಿ ಖಾಲಿ ಸೆಲ್ ಕಂಡರೆ ನಾವು ಸರಾಸರಿ ತುಂಬಿ ಮುಂದೆ ಹೋಗಿಬಿಡ್ತೀವಿ. ಇನ್ನುಮೇಲೆ ಒಂದು ನಿಮಿಷ ನಿಂತು, ಇದನ್ನ ಯಾರು ಬರೆಯಲಿಲ್ಲ, ಯಾಕೆ ಬರೆಯಲಿಲ್ಲ ಅಂತ ಕೇಳಿಕೊಳ್ಳೋಣ ಅಂದುಕೊಂಡಿದ್ದೇವೆ.