ನೀಲಿ-ಬಿಳಿ ಪಿಂಗಾಣಿಗೆ ಕಾಲಮಾನ ಒದಗಿಸಿದ ಮುಂಬಯಿಗ: ಸರ್ ಪರ್ಸಿವಲ್ ಡೇವಿಡ್

ಕಾಲಾಘೋಡಾದ ಡೇವಿಡ್ ಸಸೂನ್ ಗ್ರಂಥಾಲಯವನ್ನು ಬಲ್ಲ ನಮಗೆ, ಅದೇ ಹೆಸರನ್ನು ತಿರುಗಿಸಿದಂತಿರುವ ಸಸೂನ್ ಡೇವಿಡ್ ಅವರ ನೆನಪು ಅಷ್ಟಾಗಿ ಇಲ್ಲ. ಹತ್ತಿ ಉದ್ಯಮಿಯಾಗಿದ್ದ ಅವರು 1906ರಲ್ಲಿ ಆರಂಭವಾದ ಬ್ಯಾಂಕ್ ಆಫ್ ಇಂಡಿಯಾದ ಸ್ಥಾಪಕರಲ್ಲಿ ಒಬ್ಬರು. ಅವರ ಪುತ್ರ ಪರ್ಸಿವಲ್ ಡೇವಿಡ್ 1892ರಲ್ಲಿ ಮುಂಬಯಿಯಲ್ಲಿ ಜನಿಸಿ, ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿದರು. ಯಹೂದಿ ವರ್ತಕ ಮನೆತನದ ಈ ತರುಣ ಮುಂದೆ ಚೀನೀ ಪಿಂಗಾಣಿಯ ಮಹಾ ಸಂಗ್ರಾಹಕರೆಂದು ಜಗತ್ತಿನಾದ್ಯಂತ ಹೆಸರಾದರು.

1920ರ ದಶಕದಲ್ಲಿ ಅವರು ಚೀನಾಕ್ಕೆ ತೆರಳಿದಾಗ ಅಲ್ಲಿನ ಅರಸೊತ್ತಿಗೆ ಅಳಿದಿತ್ತು. ರಾಜಮನೆತನವು ಸಾಲಕ್ಕಾಗಿ ಬೀಜಿಂಗಿನ ಬ್ಯಾಂಕೊಂದರಲ್ಲಿ ಅಡವಿಟ್ಟಿದ್ದ ಅರಮನೆಯ ಪಾತ್ರೆಗಳಲ್ಲಿ ಹಲವನ್ನು ಡೇವಿಡ್ ಕೊಂಡರು. ಬ್ಯಾಂಕಿನ ಉದ್ಯೋಗದಲ್ಲಿರುವ ನಮಗೆ ಈ ಪ್ರಸಂಗ ವಿಶೇಷವಾಗಿ ನಾಟುತ್ತದೆ. ಬಿಡಿಸಿಕೊಳ್ಳಲಾಗದ ಅಡವಿನ ಹಿಂದೆ ಒಂದು ಮನೆಯ ಕಥೆ ಇರುವಂತೆ, ಇಲ್ಲಿ ಒಂದು ಸಾಮ್ರಾಜ್ಯದ ಕಥೆಯಿತ್ತು.

ಅಂದದಷ್ಟೇ ಬರಹಕ್ಕೂ ಬೆಲೆ ಕೊಟ್ಟದ್ದು ಡೇವಿಡ್ ಅವರ ವೈಶಿಷ್ಟ್ಯ. ಅರಸರ ಮುದ್ರೆ, ಇಸವಿ, ದಾನಿಯ ಹೆಸರು ಇರುವ ವಸ್ತುಗಳನ್ನು ಅವರು ಅರಸಿದರು. ಬೇರೆ ಬೇರೆ ಸಂಗ್ರಾಹಕರ ಕೈಸೇರಿದ್ದ ಎರಡು ಹೂಜಿಗಳನ್ನು ಅವರು ಮತ್ತೆ ಒಂದುಗೂಡಿಸಿದರು. ಅರವತ್ತು ಸೆಂಟಿಮೀಟರಿಗೂ ಮಿಕ್ಕ ಎತ್ತರ, ಆನೆಯ ತಲೆಯಾಕಾರದ ಹಿಡಿಗಳು, ಮೈಮೇಲೆ ಡ್ರ್ಯಾಗನ್, ಫೀನಿಕ್ಸ್ ಹಕ್ಕಿ, ಹೂಬಳ್ಳಿ, ಬಾಳೆಯೆಲೆಗಳ ಸಾಲು. ಕುತ್ತಿಗೆಯ ಮೇಲಿನ ಬರಹದಂತೆ, ಝಾಂಗ್ ವೆನ್‌ಜಿನ್ ಎಂಬ ಭಕ್ತ ತನ್ನ ಕುಟುಂಬದ ಕ್ಷೇಮಕ್ಕಾಗಿ 1351ರಲ್ಲಿ ಅವನ್ನು ದೇವಾಲಯಕ್ಕೆ ಅರ್ಪಿಸಿದ್ದ.

ನೀಲಿ-ಬಿಳಿ ಪಿಂಗಾಣಿಯ ಏಳಿಗೆ ಮುಂದಿನ ಮಿಂಗ್ ಅರಸರ ಕಾಲದ್ದೆಂಬ ಭಾವನೆ ಬಲವಾಗಿದ್ದ ದಿನಗಳವು. ಮಂಗೋಲರ ಯುವಾನ್ ಆಳ್ವಿಕೆಯಲ್ಲೇ ಈ ಕಲೆ ಪಕ್ವವಾಗಿತ್ತೆಂದು ಆ ಒಂದು ತಾರೀಖು ಸಾರಿತು. 1950ರ ದಶಕದಲ್ಲಿ ಅಮೆರಿಕದ ವಿದ್ವಾಂಸ ಜಾನ್ ಪೋಪ್ ಇವುಗಳ ಆಧಾರದಿಂದಲೇ ಇಸ್ತಾಂಬುಲ್ ಮತ್ತು ಇರಾನಿನ ಆರ್ದಬಿಲ್ ಸಂಗ್ರಹಗಳಲ್ಲಿದ್ದ ಹದಿನಾಲ್ಕನೆಯ ಶತಮಾನದ ಪಾತ್ರೆಗಳನ್ನು ಗುರುತಿಸಿದರು.

ಈ ಕಲೆಯ ತವರು ಜಿಂಗ್‌ದೆಝೆನ್ ಪಟ್ಟಣ. ಸುಡದ ಹಸಿಮೈಯ ಮೇಲೆ ಕೋಬಾಲ್ಟ್ ಬಣ್ಣದಿಂದ ಚಿತ್ರ ಬರೆದು, ಪಾರದರ್ಶಕ ಮೆರುಗು ಹಚ್ಚಿ, ಆವಿಗೆಯ ತೀವ್ರ ಉರಿಯಲ್ಲಿ ಸುಡುತ್ತಾರೆ. ಬಣ್ಣವನ್ನು ಮೈ ಕೂಡಲೇ ಹೀರುವುದರಿಂದ ಎಳೆದ ಗೆರೆಯನ್ನು ತಿದ್ದುವುದು ಕಷ್ಟ. ಯುವಾನರ ಕಾಲದ ಪಾತ್ರೆಗಳಲ್ಲಿ ಚಿತ್ತಾರ ಪಟ್ಟಿಪಟ್ಟಿಯಾಗಿ ಮೈತುಂಬ ಹರಡಿರುತ್ತದೆ. 1426ರಿಂದ 1435ರವರೆಗೆ ಆಳಿದ ಶುವಾಂದೆ ಅರಸನ ಕಾಲದಲ್ಲಿ ನೀಲಿ ಅಲ್ಲಲ್ಲಿ ಗಾಢವಾಗಿ ಹೆಪ್ಪುಗಟ್ಟಿ ಕಾಣುತ್ತದೆ. ಅದೇ ಶತಮಾನದ ಚೆಂಗ್‌ಹುವಾ ಅರಸನ ಕಾಲಕ್ಕೆ ಗೆರೆ ನವಿರಾಗಿ, ಬಿಳಿಯ ಅವಕಾಶ ಹೆಚ್ಚುತ್ತದೆ. ಹದಿನೇಳನೆಯ ಶತಮಾನದ ಕೊನೆಯ ಕಾಂಗ್‌ಶಿ ಆಳ್ವಿಕೆಯಲ್ಲಿ ಒಂದೇ ನೀಲಿಯ ಹಲವು ಛಾಯೆಗಳಿಂದ ಬೆಟ್ಟ, ನೀರು, ಮೋಡಗಳು ಮೂಡುತ್ತವೆ.

ಡೇವಿಡ್ ಕೇವಲ ಸಂಗ್ರಾಹಕರಾಗಿರಲಿಲ್ಲ. 1935-36ರಲ್ಲಿ ಲಂಡನ್ನಿನಲ್ಲಿ ನಡೆದ ಚೀನೀ ಕಲೆಯ ಅಂತಾರಾಷ್ಟ್ರೀಯ ಪ್ರದರ್ಶನದ ಸೂತ್ರಧಾರರಲ್ಲಿ ಅವರು ಪ್ರಮುಖರು. ಚೀನೀ ಭಾಷೆಯನ್ನು ಕಲಿತು, 1388ರ ಕಲಾಪರೀಕ್ಷೆಯ ಗ್ರಂಥವೊಂದನ್ನು ಇಂಗ್ಲಿಷಿಗೆ ಅನುವಾದಿಸಿದರು. ನೀಲಿ-ಬಿಳಿ ಪಾತ್ರೆಗಳನ್ನು ಗ್ರಾಮ್ಯವೆಂದು ಕಡೆಗಣಿಸಿದ ಗ್ರಂಥವದು! ತಮ್ಮ ಪ್ರೀತಿಯ ವಸ್ತುವನ್ನು ಜರೆದ ಲೇಖಕನಿಗೂ ವರ್ಷಗಟ್ಟಲೆ ಶ್ರಮ ಸುರಿದ ಅವರ ವಿದ್ಯಾಪ್ರೀತಿ ದೊಡ್ಡದು. ದೇಹವನ್ನು ನಿಶ್ಚಲಗೊಳಿಸುವ ಕಾಯಿಲೆಯಿಂದ ನರಳಿ 1964ರಲ್ಲಿ ಅವರು ತೀರಿಕೊಂಡರು. ಅನುವಾದ ಬೆಳಕು ಕಂಡದ್ದು 1971ರಲ್ಲಿ.

1950ರಲ್ಲೇ ಅವರು ಸಂಗ್ರಹವನ್ನೂ ಗ್ರಂಥಾಲಯವನ್ನೂ ಲಂಡನ್ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದ್ದರು. 1952ರಲ್ಲಿ ಅದು ಜನರಿಗೆ ತೆರೆಯಿತು. 2009ರಿಂದ ಸುಮಾರು 1,700 ವಸ್ತುಗಳ ಆ ಸಂಗ್ರಹ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಲಂಡನ್ನಿನಲ್ಲಿರುವ ಮಕ್ಕಳನ್ನು ಕಾಣಲು ಹೋಗುವ ನಮ್ಮವರು ಅಲ್ಲಿನ 95ನೆಯ ಕೋಣೆಗೆ ಭೇಟಿ ಕೊಡಬಹುದು. ಮನೆಮಂದಿಯ ಒಳಿತಿಗಾಗಿ ಯಾರೋ ಸಲ್ಲಿಸಿದ ಹರಕೆಯ ಒಂದು ಸಾಲು ಕಲೆಯ ಇತಿಹಾಸವನ್ನೇ ತಿದ್ದಿತು. ಆ ಸಾಲಿನ ಬೆಲೆ ಅರಿತವರು ನಮ್ಮ ಮುಂಬಯಿಯಲ್ಲಿ ಹುಟ್ಟಿದವರೆಂಬುದನ್ನು ನಾವು ಮರೆಯದಿರೋಣ.