ಸೌದೆಯ ಹೊರೆ ಹೊತ್ತ ಅರಸು

12ನೆಯ ಶತಮಾನದ ಶರಣ ಮೋಳಿಗೆಯ ಮಾರಯ್ಯನವರು ಪೂರ್ವದಲ್ಲಿ ಕಾಶ್ಮೀರದ ಅರಸರಾಗಿದ್ದರೆಂದು ಶರಣಚರಿತ್ರೆಗಳು ಸಾರುತ್ತವೆ. ಬಸವಣ್ಣನವರ ದಾಸೋಹದ ಕೀರ್ತಿಯನ್ನು ಕೇಳಿ, ಸಿಂಹಾಸನವನ್ನು ತೊರೆದು ಮಡದಿ ಮಹಾದೇವಮ್ಮನವರೊಡನೆ ಕಲ್ಯಾಣಕ್ಕೆ ಬಂದರು. ಕಿರೀಟ ಹೊತ್ತ ತಲೆ ಸೌದೆ ಹೊತ್ತಿತು. ಮೋಳಿಗೆಯೆಂದರೆ ಕಟ್ಟಿಗೆಯ ಹೊರೆ, ಕಾಯಕವೇ ಹೆಸರಾಯಿತು.

ಕಟ್ಟಿಗೆ ಮಾರಿ ಬಂದುದರಲ್ಲಿ ಜಂಗಮ ದಾಸೋಹ ನಡೆಸುವುದು ಆ ದಂಪತಿಗಳ ನಿತ್ಯನೇಮ. ಒಮ್ಮೆ ಮಾರಯ್ಯನವರಿಲ್ಲದ ವೇಳೆ ಬಸವಣ್ಣನವರು ಜಂಗಮವೇಷದಲ್ಲಿ ಬಂದು, ತಾಯಿ ನೀಡಿದ ಅಂಬಲಿಯನ್ನು ಸವಿದು, ಬಡತನಕ್ಕೆ ಮರುಗಿ ಹೊನ್ನನ್ನು ಮರೆಯಲ್ಲಿಟ್ಟು ಹೋದರಂತೆ. ಮಾರಯ್ಯನವರು ಅದನ್ನು ಜಂಗಮರಿಗೇ ಹಂಚಿಬಿಟ್ಟರು. ಕೊಟ್ಟವರು ಬಸವಣ್ಣನವರೇ ಆದರೂ, ಕಾಯಕದಿಂದ ಬಾರದ ಹೊನ್ನು ಅವರಿಗೆ ಸಲ್ಲದಾಯಿತು. ಕೊಡಲಿ ಹಿಡಿದ ಆ ಕೈಯಿಂದಲೇ 800ಕ್ಕೂ ಹೆಚ್ಚು ವಚನಗಳು ನಮಗೆ ದೊರೆತಿವೆ.

ಗುಂಡ್ಲುಪೇಟೆ, ಚಾಮರಾಜನಗರ ಸೀಮೆಯ ಹಿರಿಯರಿಗೆ ಸೌದೆಯ ಗುಣವನ್ನು ಹೇಳಬೇಕಿಲ್ಲ. ಹಸಿ ಸೌದೆ ಒಲೆಗಿಟ್ಟರೆ ಹೊಗೆ, ಕಣ್ಣೀರು. ಸೀಳಿ, ಬಿಸಿಲಿಗೊಡ್ಡಿ, ಮಳೆಗೆ ಮುಂಚೆ ಸೂರಿನಡಿ ಒಟ್ಟಿದರೆ ಒಳ್ಳೆಯ ಉರಿ. ಇಂದು ಬಂಡೀಪುರದ ಕಾಡು ಹುಲಿಗಳಿಗೆ ಮೀಸಲು. ಅಲ್ಲಿಗೆ ಕೊಡಲಿ ಒಯ್ಯುವುದು ಸಲ್ಲದು. ಹೊರೆ ಬೇರೆಯಾದರೂ ನೇಮ ಅದೇ: ದುಡಿದು ಉಣ್ಣಬೇಕು, ಹಂಚಿ ಉಣ್ಣಬೇಕು. ಮನದೊಳಗಿನ ಆಸೆಯ ಹಸಿ ಆರದೆ ಅರಿವಿನ ಕಿಚ್ಚು ಹತ್ತದು.