ಲೆಕ್ಕ ಹಾಕಿದ ಬಿಷಪ್

ಒಂದು ಧರ್ಮಸಭೆಯನ್ನು ಒಡೆಯುವುದಕ್ಕೆ ಗುಣಾಕಾರ ಭಾಗಾಕಾರಗಳೂ ಸಾಕಾಗಬಹುದೆಂದು ಯಾರೂ ಎಣಿಸಿರಲಾರರು. 1862ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಒಂದು ಪುಸ್ತಕ ಆ ಕೆಲಸವನ್ನು ಮಾಡಿತು. ಅದನ್ನು ಬರೆದವನು ನಾಸ್ತಿಕನಲ್ಲ. ಆಂಗ್ಲಿಕನ್ ಸಭೆಯ ಬಿಷಪ್ಪನೇ ಆಗಿದ್ದ, ಆಫ್ರಿಕದ ನಟಾಲ್ ಪ್ರಾಂತದ ಜಾನ್ ವಿಲಿಯಂ ಕೊಲೆನ್ಸೊ.

ಕೊಲೆನ್ಸೊ ಹುಟ್ಟಿದ್ದು 1814ರಲ್ಲಿ, ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯಲ್ಲಿ. ತಂದೆ ಹಣ ಹೂಡಿದ್ದ ತವರದ ಗಣಿಗೆ ಸಮುದ್ರದ ನೀರು ನುಗ್ಗಿ ಸಂಸಾರ ಬಡತನಕ್ಕೆ ಬಿದ್ದಿತು. ಶುಲ್ಕದ ರಿಯಾಯಿತಿ ಪಡೆದ ಬಡ ವಿದ್ಯಾರ್ಥಿಯಾಗಿ ಕೇಂಬ್ರಿಜ್ ಸೇರಿದ ಹುಡುಗ 1836ರಲ್ಲಿ ಗಣಿತದ ಪರೀಕ್ಷೆಯಲ್ಲಿ ಎರಡನೆಯವನಾಗಿ ತೇರ್ಗಡೆಯಾದ. ಹ್ಯಾರೋ ಶಾಲೆಯಲ್ಲಿ ಉಪಾಧ್ಯಾಯನಾಗಿದ್ದಾಗ ಮನೆ ಸುಟ್ಟು ಸಾಲ ತಲೆಗೇರಿತು. ಅದನ್ನು ತೀರಿಸಿದ್ದು ಆತ ಬರೆದ ಅಂಕಗಣಿತ, ಬೀಜಗಣಿತಗಳ ಪಠ್ಯಪುಸ್ತಕಗಳು. ಒಂದು ಪೀಳಿಗೆಯ ಇಂಗ್ಲಿಷ್ ಮಕ್ಕಳು ಲೆಕ್ಕ ಕಲಿತದ್ದು ಆ ಪುಸ್ತಕಗಳಿಂದಲೇ.

ಆತನನ್ನು ಆಫ್ರಿಕಕ್ಕೆ ಕರೆದವನು ಕೇಪ್‌ಟೌನಿನ ಬಿಷಪ್ ರಾಬರ್ಟ್ ಗ್ರೇ. ಮುಂದೆ ಇವನೇ ಕೊಲೆನ್ಸೊವಿನ ಪರಮ ವಿರೋಧಿಯಾದುದು ವಿಧಿಯ ವಿನೋದವೆನ್ನಬೇಕು. 1853ರಲ್ಲಿ ನಟಾಲಿನ ಮೊದಲ ಬಿಷಪ್ಪನಾಗಿ ಅಭಿಷಿಕ್ತನಾದ ಕೊಲೆನ್ಸೊ ಎರಡು ವರ್ಷಗಳ ಮೇಲೆ ಪೀಟರ್‌ಮಾರಿಟ್ಜ್‌ಬರ್ಗಿನ ಹತ್ತಿರ ಸಂಸಾರಸಮೇತ ನೆಲೆಸಿದ. ಜುಲು ಭಾಷೆಯನ್ನು ಕಲಿತು ಅದಕ್ಕೆ ವ್ಯಾಕರಣ ಬರೆದ, 1861ರಲ್ಲಿ ನಿಘಂಟನ್ನು ಹೊರತಂದ, ಹೊಸ ಒಡಂಬಡಿಕೆಯನ್ನು ಅನುವಾದಿಸಿದ. (ನಮ್ಮ ಕಿಟ್ಟೆಲ್ ಭಾರತಕ್ಕೆ ಬಂದದ್ದೂ 1853ರಲ್ಲಿಯೇ ಎಂಬುದು ಕನ್ನಡಿಗರಿಗೆ ನೆನಪಾಗದಿರದು.) ಜುಲು ಜನ ಆತನನ್ನು ಸೊಬಾಂಟು, ಎಂದರೆ ಜನರ ತಂದೆ, ಎಂದು ಕರೆದರು.

ಮೊದಲ ಜಗಳ ಮದುವೆಯದು. ಹಲವು ಹೆಂಡಿರಿರುವ ಜುಲು ಗಂಡಸು ದೀಕ್ಷಾಸ್ನಾನ ಪಡೆಯಬೇಕಾದರೆ ಒಬ್ಬಳನ್ನುಳಿದು ಉಳಿದವರನ್ನು ಬಿಡಬೇಕೆಂದು ಪಾದ್ರಿಗಳು ವಿಧಿಸುತ್ತಿದ್ದರು. ಬಿಟ್ಟ ಹೆಂಗಸರ, ಮಕ್ಕಳ ಗತಿಯೇನು ಎಂಬುದೇ ಕೊಲೆನ್ಸೊವಿನ ಪ್ರಶ್ನೆ. ಬಹುಪತ್ನೀತ್ವವನ್ನು ಆತ ಮೆಚ್ಚಿದವನಲ್ಲ. ಮನೆ ಮುರಿಯುವುದನ್ನು ಧರ್ಮವೆನ್ನಲು ಒಪ್ಪಲಿಲ್ಲ, ಅಷ್ಟೆ. ಆಂಗ್ಲಿಕನ್ ಬಿಷಪ್ಪರು 1888ರ ಲ್ಯಾಂಬೆತ್ ಸಮ್ಮೇಳನದಲ್ಲಿ ಅಂಥವರಿಗೆ ದೀಕ್ಷೆ ಕೂಡದೆಂದರು. ಸರಿಯಾಗಿ ನೂರು ವರ್ಷಗಳ ಮೇಲೆ, 1988ರಲ್ಲಿ, ಹೊಸ ಮದುವೆ ಮಾಡಿಕೊಳ್ಳಬಾರದೆಂಬ ಷರತ್ತಿನೊಡನೆ ಹೆಂಡಿರು ಮಕ್ಕಳ ಸಹಿತ ಸೇರಿಸಿಕೊಳ್ಳಬಹುದೆಂದರು.

ಎರಡನೆಯದು ಇನ್ನೂ ದೊಡ್ಡದು. ಅನುವಾದದಲ್ಲಿ ನೆರವಾಗುತ್ತಿದ್ದ ವಿಲಿಯಂ ಎನ್‌ಗಿಡಿ ಎಂಬ ಜುಲು ತರುಣ, ನೋಹನ ಜಲಪ್ರಳಯದ ಕಥೆ ನಿಜವಾಗಿಯೂ ನಡೆದದ್ದೇ ಎಂದು ಕೇಳಿದ. ಪ್ರಾಮಾಣಿಕನಾದ ಗಣಿತದ ಮೇಷ್ಟರಿಗೆ ಹೌದೆನ್ನಲು ನಾಲಿಗೆ ಬರಲಿಲ್ಲ. ಮೋಶೆಯ ಐದು ಗ್ರಂಥಗಳನ್ನು ಲೆಕ್ಕದ ಕಣ್ಣಿನಿಂದ ಓದಲು ಕುಳಿತ. ಈಜಿಪ್ಟಿನಿಂದ ಹೊರಟ ಯೋಧರು ಆರು ಲಕ್ಷವೆಂದರೆ ಹೆಂಗಸರು ಮಕ್ಕಳು ಸೇರಿ ಇಪ್ಪತ್ತು ಲಕ್ಷವಾದರೂ ಆಗಬೇಕು. ಇಷ್ಟು ಜನ ಗುಡಾರದ ಬಾಗಿಲಲ್ಲಿ ನೆರೆದದ್ದು ಹೇಗೆ? ಅವರ ದನಕುರಿಗಳು ಮರಳುಗಾಡಿನಲ್ಲಿ ಮೇಯ್ದದ್ದು ಏನನ್ನು? ಮೂವರೇ ಯಾಜಕರು ಅಷ್ಟು ಬಲಿಗಳನ್ನು ನಡೆಸಿದ್ದೆಂತು? 1862ರಿಂದ 1879ರವರೆಗೆ ಏಳು ಭಾಗಗಳಾಗಿ ಬಂದ ಈ ಗ್ರಂಥದಲ್ಲಿ ಶೈಲಿಯ ಸೊಗಸಿಲ್ಲ, ಭಕ್ತಿಗ್ರಂಥವನ್ನು ಗುಮಾಸ್ತನಂತೆ ತಪಾಸಣೆ ಮಾಡುವ ಒರಟುತನವೂ ಇದೆ. ಜುಲುಗಳನ್ನು ತಿದ್ದಹೋದ ಬಿಷಪ್ಪನನ್ನು ಜುಲುವೇ ತಿದ್ದಿದನೆಂದು ಲಂಡನ್ನಿನ ಕುಚೋದ್ಯಗಾರರು ನಕ್ಕರು.

ಗ್ರೇ ನಗಲಿಲ್ಲ. 1863ರಲ್ಲಿ ಕೇಪ್‌ಟೌನಿನಲ್ಲಿ ವಿಚಾರಣೆ ನಡೆಸಿ ಕೊಲೆನ್ಸೊವನ್ನು ಪದವಿಯಿಂದ ತೆಗೆದುಹಾಕಿದ. ಆರೋಪಿ ಆ ನ್ಯಾಯಪೀಠವನ್ನೇ ಒಪ್ಪದೆ ಪ್ರೀವಿ ಕೌನ್ಸಿಲಿನ ಮೊರೆ ಹೊಕ್ಕ. ಗ್ರೇಗೆ ಅಂಥ ಅಧಿಕಾರವೇ ಇಲ್ಲವೆಂದು 1865ರಲ್ಲಿ ತೀರ್ಪಾಯಿತು. ಗ್ರೇ ಮರುವರ್ಷ ಬಹಿಷ್ಕಾರವನ್ನೇ ಘೋಷಿಸಿದ. 1869ರಲ್ಲಿ ಮ್ಯಾಕ್ರೋರಿ ಎಂಬ ಇನ್ನೊಬ್ಬ ಬಿಷಪ್ಪನನ್ನು ಅಭಿಷೇಕಿಸಿದ. ಒಂದೇ ಸಣ್ಣ ಊರಿನಲ್ಲಿ ಇಬ್ಬರು ಬಿಷಪ್ಪರು, ಎರಡು ಪ್ರಧಾನ ದೇವಾಲಯಗಳು!

ಗ್ರೇಯನ್ನು ಖಳನಾಯಕನೆಂದು ಚಿತ್ರಿಸುವುದು ಸುಲಭ, ನ್ಯಾಯವಲ್ಲ. ಬೋಧನೆ ಸರಿಯೋ ತಪ್ಪೋ ಎಂದು ನಿರ್ಣಯಿಸಬೇಕಾದವರು ಸಭೆಯ ಹಿರಿಯರೇ, ರಾಣಿಯ ವಕೀಲರೇ ಎಂಬ ಆತನ ಪ್ರಶ್ನೆ ಗಂಭೀರವಾದುದು. ಆದರೆ ಪುಸ್ತಕವನ್ನು ಖಂಡಿಸುವುದರಲ್ಲಿ ಒಂದಾಗಿದ್ದ ಸಂಪ್ರದಾಯವಾದಿಗಳು ಮದ್ದಿನ ವಿಷಯದಲ್ಲಿ ಬೇರೆಯಾದರು. ಬಿಷಪ್ಪರ ಅಧಿಕಾರವನ್ನು ಎತ್ತಿಹಿಡಿದ ಆಕ್ಸ್‌ಫರ್ಡ್ ಪಂಥದವರು ಗ್ರೇಯ ಕಡೆ. ಆ ಅಧಿಕಾರದಲ್ಲಿ ರೋಮಿನ ವಾಸನೆಯನ್ನು ಕಂಡ ಇವ್ಯಾಂಜೆಲಿಕಲರಲ್ಲಿ ಹಲವರು ಕಾನೂನಿನ ಕಡೆ. ಗ್ರೇಯ ವ್ಯವಸ್ಥೆಗೆ ಸೇರದೆ ಉಳಿದ ಸಭೆಗಳು 1938ರಲ್ಲಿ ಸಂಘಟಿತವಾಗಿ ಕಟ್ಟಿಕೊಂಡ ಪ್ರತ್ಯೇಕ ಸಭೆ ಇಂದು ಬೈಬಲಿನ ಅಕ್ಷರಕ್ಕೆ ಅಂಟಿಕೊಂಡ ಕಟ್ಟಾ ಸಂಪ್ರದಾಯದ್ದು. ಕೊಲೆನ್ಸೊ ಕಂಡಿದ್ದರೆ ಏನೆನ್ನುತ್ತಿದ್ದನೋ!

ಈ ಗಲಭೆಯ ನಡುವೆಯೇ 1867ರಲ್ಲಿ ಲ್ಯಾಂಬೆತ್ ಅರಮನೆಯಲ್ಲಿ 76 ಬಿಷಪ್ಪರ ಮೊದಲ ಸಮ್ಮೇಳನ ಸೇರಿತು. ಒಡಕಿಗೆ ಹೆದರಿದ ಆರ್ಚ್‌ಬಿಷಪ್ ಲಾಂಗ್ಲಿ, ಇದು ಸಮಾಲೋಚನೆಗೆ ಮಾತ್ರ, ಕಟ್ಟಳೆ ಮಾಡುವುದಕ್ಕಲ್ಲವೆಂದು ಮೊದಲೇ ಗೆರೆ ಎಳೆದ. ಆ ಗೆರೆಯೇ ಇಂದಿನ ಇಕ್ಕಟ್ಟಿನ ಮೂಲವೆಂದು ನನ್ನ ಎಣಿಕೆ. 1998ರಲ್ಲಿ ಲ್ಯಾಂಬೆತ್ ಸಮ್ಮೇಳನ ಮದುವೆ ಗಂಡುಹೆಣ್ಣಿನ ನಡುವಿನದೇ ಎಂದು ಗೊತ್ತುಮಾಡಿದರೂ ಯಾವ ಪ್ರಾಂತವನ್ನೂ ಕಟ್ಟಿಹಾಕಲಾಗಲಿಲ್ಲ. ಮುನಿದ ಸಂಪ್ರದಾಯವಾದಿಗಳು 2008ರಲ್ಲಿ ಜೆರೂಸಲೇಮಿನಲ್ಲಿ ಬೇರೆಯೇ ಸಭೆ ಸೇರಿದರು. 2023ರಲ್ಲಿ ಕಿಗಾಲಿಯಲ್ಲಿ ಕ್ಯಾಂಟರ್ಬರಿಯ ನಾಯಕತ್ವವನ್ನೇ ನಿರಾಕರಿಸಿದರು. ಅವರ ಬಲವೆಲ್ಲ ಹೆಚ್ಚಾಗಿ ಆಫ್ರಿಕದಲ್ಲಿದೆ.

ಕೊಲೆನ್ಸೊವಿನ ಕಡೆಯ ವರ್ಷಗಳು ಈ ವಾದಗಳಲ್ಲಿ ಕಳೆಯಲಿಲ್ಲ. ಹ್ಲುಬಿ ಜನರ ನಾಯಕ ಲಂಗಲಿಬಲೇಲೆಗೆ 1874ರಲ್ಲಿ ವಿಚಾರಣೆಯ ಸೋಗಿನಲ್ಲಿ ಗಡೀಪಾರು ವಿಧಿಸಿದಾಗ ಲಂಡನ್ನಿಗೆ ಹೋಗಿ ದೂರಿತ್ತ. ಆಪ್ತಮಿತ್ರ ಶೆಪ್‌ಸ್ಟೋನನ ಸ್ನೇಹವನ್ನು ಅದಕ್ಕಾಗಿ ತೆತ್ತ. ಅಲ್ಲಿಯತನಕ ಆತನ ಬೆನ್ನಿಗಿದ್ದ ಬಿಳಿಯ ವಸಾಹತುಗಾರರೂ ದೂರ ಸರಿದರು. 1879ರ ಜನವರಿಯಲ್ಲಿ ಇಸಾಂಡ್ಲ್‌ವಾನದಲ್ಲಿ ಬ್ರಿಟಿಷ್ ಸೈನ್ಯ ಜುಲುಗಳ ಕೈಯಲ್ಲಿ ನಾಶವಾಗಿ ಊರೆಲ್ಲ ಸೇಡಿಗೆ ಬಾಯಿಬಿಡುತ್ತಿದ್ದಾಗ, ಪ್ರವಾದಿ ಮೀಕನ ವಚನವನ್ನು ಆಧಾರವಾಗಿಟ್ಟುಕೊಂಡು, ಈ ಯುದ್ಧದಲ್ಲಿ ನಾವು ನ್ಯಾಯವನ್ನಾಗಲಿ ಕರುಣೆಯನ್ನಾಗಲಿ ತೋರಿದೆವೇ ಎಂದು ತನ್ನ ದೇವಾಲಯದಲ್ಲಿಯೇ ಕೇಳಿದ. ಏಳು ಭಾಗಗಳ ಗ್ರಂಥಕ್ಕಿಂತ ಈ ಒಂದು ಉಪದೇಶ ನನಗೆ ದೊಡ್ಡದಾಗಿ ಕಾಣುತ್ತದೆ.

1883ರ ಜೂನ್ 20ರಂದು ಡರ್ಬನ್ನಿನಲ್ಲಿ ತೀರಿಕೊಂಡ ಆತನನ್ನು ಪೀಟರ್‌ಮಾರಿಟ್ಜ್‌ಬರ್ಗಿನ ಸಂತ ಪೀಟರರ ದೇವಾಲಯದಲ್ಲಿ, ವೇದಿಕೆಯ ಮುಂದೆ ಸಮಾಧಿ ಮಾಡಿದರು. ಮರುವರ್ಷ ಬೆಂಕಿ ಬಿದ್ದು ಮನೆ ಸುಟ್ಟುಹೋಯಿತು. ಹಿರಿಯ ಮಗಳು ಹ್ಯಾರಿಯೆಟ್ ಊರು ಬಿಡಲಿಲ್ಲ. ಜುಲು ರಾಜಕುಮಾರ ಡಿನುಜುಲುವಿನ ಮೊಕದ್ದಮೆಯ ಕಾಗದಪತ್ರಗಳು ಮುಂದೆ ಆಕೆಯ ಮೇಜಿನ ಮೇಲೆ ಬಂದು ಕುಳಿತವು.